ನೂರಿಯಾಳ ಹಾಲು

ಮಾರಿಬ್ ಹೊರವಲಯ, ನಿರಾಶ್ರಿತರ ಶಿಬಿರದ ಪೂರ್ವ ಸಾಲು
ಏಪ್ರಿಲ್ 9, 2025

ರಯ್ಯಾಳಿಗೆ,

ಇದನ್ನು ಬರೆಯುತ್ತಿರುವವಳು ಹಜ್ಜಾ ದೌಲಾ. ಹಜ್ ಯಾತ್ರೆ ಮಾಡಿ ಬಂದವಳು, ಶೇಖ್ ಮುತನ್ನಾ ಅವರ ವಿಧವೆ, ಶೇಖ್ ಹಿಜಾಮನ ತಾಯಿ, ನಮ್ಮ ಕಣಿವೆಯಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹೆಂಗಸು. ಇದೆಲ್ಲ ನಿನಗೆ ಗೊತ್ತು. ಆದರೂ ಬರೆದೆ. ಡೇರೆಯಲ್ಲಿ ಬದುಕುವವಳು ತಾನು ಯಾರೆಂದು ಆಗಾಗ ಬರೆದು ನೋಡಿಕೊಳ್ಳಬೇಕಾಗುತ್ತದೆ. ಯುದ್ಧದಲ್ಲಿ ಕಲ್ಲಿನ ಮನೆ ಹೋಯಿತು, ದ್ರಾಕ್ಷಿತೋಟ ಹೋಯಿತು. ಆದರೆ ಪೂರ್ವ ಸಾಲಿನಲ್ಲಿ ಜಗಳವಾದರೆ ಇಂದಿಗೂ ಗಂಡಸರೇ ಬಂದು ನನ್ನ ಡೇರೆಯ ಹೊರಗೆ ಕೆಮ್ಮಿ ನಿಲ್ಲುತ್ತಾರೆ.

ಪತ್ರ ಏಕೆಂದು ಕೇಳಬೇಡ. ನಮ್ಮ ಸಾಲಿನಲ್ಲಿರುವುದು ಹಿಜಾಮನ ಒಂದೇ ಫೋನು. ಅದರಲ್ಲಿ ಮಾತಾಡಿದರೆ ಅಕ್ಕಪಕ್ಕದ ಡೇರೆಗಳೆಲ್ಲ ಕಿವಿಯಾಗುತ್ತವೆ. ಹೆಂಗಸರ ವಿಷಯ ಕೂಗಿ ಹೇಳುವಂಥದ್ದಲ್ಲ. ಮುಕಲ್ಲಾದಿಂದ ಮೀನು ತರುವ ಲಾರಿಯ ಉಬೈದ್ ನಂಬಿಗಸ್ತ. ಅವನಿಗೆ ಓದಲು ಬಾರದಿರುವುದು ಇನ್ನೂ ಒಳ್ಳೆಯದು.

ಸಂಬಳ ನಿಂತು ನೀನು ಹೋದ ಸ್ವಲ್ಪ ದಿನಕ್ಕೆ ನೆರವು ಸಂಸ್ಥೆಯವರು ಬಿಳಿ ಗಾಡಿಯಲ್ಲಿ ಬಂದರು. ದೂರದೇಶಗಳಿಂದ ಬರುತ್ತಿದ್ದ ಹಣ ನಿಂತಿದೆಯಂತೆ. ಕಕ್ಕಸಿನ ದಾರಿಯ ಸೌರದೀಪಗಳನ್ನು ಬಿಚ್ಚಿದರು. ನೀನು ಹೆರಿಗೆ ಮಾಡಿಸುತ್ತಿದ್ದ ತಗಡಿನ ಕೋಣೆಯ ಮೇಲಿನ ಫಲಕವನ್ನೂ ಬಿಚ್ಚಿದರು. ಫಲಕ ಏಕೆ ಎಂದು ಕೇಳಿದೆ. ಗುಮಾಸ್ತ ತಲೆ ತಗ್ಗಿಸಿ, "ನಮ್ಮ ಹೆಸರಿದ್ದೂ ಸೇವೆ ಇಲ್ಲ ಅಂದ್ರೆ ದೂರು ಬರುತ್ತೆ ಹಜ್ಜಾ" ಎಂದ. ಪಕ್ಕದ ಡೇರೆಯ ತಖಿಯಾಳ ನಾಲಿಗೆ ನಿನಗೆ ಗೊತ್ತಲ್ಲ. "ಹಂಗಾದ್ರೆ ನಮ್ಮನ್ನೂ ಬಿಚ್ಕೊಂಡು ಹೋಗಪ್ಪ. ನಾವೂ ನಿಮ್ಮ ಹೆಸರು ಹೇಳ್ಕೊಂಡೇ ಇಲ್ಲಿ ಬಿದ್ದಿರೋದು" ಎಂದಳು. ಎಲ್ಲರೂ ನಕ್ಕರು. ಗಾಡಿ ಮರೆಯಾದ ಮೇಲೆ ಯಾರೂ ನಗಲಿಲ್ಲ.

ಕೋಣೆಗೆ ನೀನು ಹೇಳಿದಂತೆ ಬೀಗ ಹಾಕಿದ್ದೇನೆ. ಮಂಚ, ನೀರು ಕುದಿಸುವ ಪಾತ್ರೆ, ಕತ್ತರಿಗಳು ಎಲ್ಲ ಒಳಗಿವೆ. ತೆರೆದಿಟ್ಟರೆ ತಗಡೂ ಉಳಿಯುವುದಿಲ್ಲ.

ಈಗ ಕೆಲಸದ ಮಾತು. ಹಿಜಾಮನ ಮಗಳು ಮಿಸ್ಕ್‌ಗೆ ಆರನೇ ತಿಂಗಳು. ಚೊಚ್ಚಲು. ಗಂಡ ಕಾವಲು ಠಾಣೆಯಲ್ಲಿದ್ದಾನೆ, ಯಾವಾಗ ಬರುತ್ತಾನೋ ತಿಳಿಯದು. ಹುಡುಗಿಯ ಸೊಂಟ ಕಿರಿದು ಎಂದವಳು ನೀನೇ. ಪಟ್ಟಣದ ಆಸ್ಪತ್ರೆಯಲ್ಲೂ ಹೆರಿಗೆಯ ಹಾಸಿಗೆಗಳು ಅರ್ಧಕ್ಕರ್ಧ ಕಡಿಮೆಯಾಗಿವೆ. ಸೂಲಗಿತ್ತಿಯ ಚೀಟಿಯಿಲ್ಲದೆ ಹೋದವರನ್ನು ಬಾಗಿಲಲ್ಲೇ ತಿರುಗಿಸುತ್ತಾರೆ. ಜುಲೈ ಕೊನೆಗೆ ದಿನ ತುಂಬುತ್ತದೆ. ಅದಕ್ಕೆ ಮೊದಲು ನೀನು ಇಲ್ಲಿರಬೇಕು.

ಹೆಚ್ಚಿನ ಸಂಬಳದ ಆಸೆಗೆ ನೀನು ಸಮುದ್ರದ ಕಡೆ ಹೋದೆ ಎಂದು ಹೆಂಗಸರು ಆಡಿಕೊಳ್ಳುತ್ತಾರೆ. ನಾನು ಅವರ ಬಾಯಿ ಮುಚ್ಚಿಸಿಲ್ಲ. ನೀನೇ ಬಂದು ಮುಚ್ಚಿಸು.

ದೌಲಾ

*

ಮುಕಲ್ಲಾ
ಏಪ್ರಿಲ್ 24, 2025

ಪೂಜ್ಯ ಹಜ್ಜಾ ಅವರಿಗೆ,

ತಮ್ಮ ಕೈಬರಹ ಕಂಡು ಎದ್ದು ನಿಂತೆ. ಡೇರೆಯ ಪರದೆ ಸರಿಸಿ ತಾವು ಒಳಗೆ ಬಂದಾಗ ಎದ್ದು ನಿಲ್ಲುತ್ತಿದ್ದೆನಲ್ಲ, ಆ ಅಭ್ಯಾಸ.

ನಾನು ಕ್ಷೇಮ. ಕೆಲಸ ಸಿಕ್ಕಿದೆ. ದಿನವಿಡೀ ನಿಂತಿರಬೇಕು, ಕೈಗೆ ಗವಸು ಕೊಡುತ್ತಾರೆ, ಬಿಳಿ ಮೇಲಂಗಿಯೂ ಉಂಟು. ಹೆಂಗಸರು ನನ್ನ ಬಗ್ಗೆ ಏನಂದರೂ ಬೇಸರವಿಲ್ಲ. ಅವರ ಬಾಯಿಂದ ಅದಕ್ಕಿಂತ ಬಿರುಸಾದ ಬೈಗಳನ್ನು ಹೆರಿಗೆ ಮಂಚದ ಮೇಲೆ ಕೇಳಿದ್ದೇನೆ.

ಮಿಸ್ಕ್‌ಗೆ ಎಡಮಗ್ಗುಲಲ್ಲಿ ಮಲಗಲು ಹೇಳಿ. ಕಾಲಿನ ಊತ ಮುಖಕ್ಕೆ ಏರಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಬಾಗಿಲಲ್ಲಿ ತಿರುಗಿಸಿದರೆ ಅಲ್ಲೇ ಕುಳಿತುಬಿಡಿ. ತಾವು ಕುಳಿತರೆ ಎಬ್ಬಿಸುವ ಗಂಡಸು ಮಾರಿಬಿನಲ್ಲಿ ಇನ್ನೂ ಹುಟ್ಟಿಲ್ಲ.

ಒಂದು ಕೇಳಿಕೆ. ರೊಟ್ಟಿ ಮಾರುವ ಗಾನಿಮನ ಹೆಂಡತಿ ಫಿಕ್ರಿಯಾ ತಮಗೆ ಗೊತ್ತು. ಅವನು ಕೈಯೆತ್ತಿದಾಗಲೆಲ್ಲ ಅವಳು ನನ್ನ ಕೋಣೆಗೆ ಓಡಿಬಂದು ಚಿಲಕ ಹಾಕಿಕೊಂಡು ಕೂರುತ್ತಿದ್ದಳು. ಹೆಣ್ಣು ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ ಇಡೀ ಶಿಬಿರದಲ್ಲಿ ಅದೊಂದೇ. ಅವಳೂ ತುಂಬು ಬಸುರಿ. ಬೀಗ ಹಾಕಿ ಎಂದು ತಮಗೆ ಹೇಳುವಾಗ ಅವಳು ನನ್ನ ನೆನಪಿಗೆ ಬರಲಿಲ್ಲ. ಬಂದರೆ ದಯವಿಟ್ಟು ಬಾಗಿಲು ತೆರೆದುಕೊಡಿ. ಅವಳು ಹೇಗಿದ್ದಾಳೆ, ಬರೆಯಿರಿ.

ಬರುವ ವಿಷಯ ಮುಂದೆ ತಿಳಿಸುತ್ತೇನೆ.

ರಯ್ಯಾ

*

ಮಾರಿಬ್
ಮೇ 4, 2025

ರಯ್ಯಾ,

ನಿನ್ನ ಪತ್ರ ಉಬೈದನ ಲಾರಿಯ ವಾಸನೆ ಹೊಡೆಯುತ್ತದೆ. ಬಿಸಿಲಿಗೆ ಹರವಿ ಆಮೇಲೆ ಓದಿದೆ. ಇನ್ನು ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸು.

ಮಿಸ್ಕ್ ಚೆನ್ನಾಗಿದ್ದಾಳೆ. ಮಗು ಅಡ್ಡ ಮಲಗಿದಂತೆ ನನ್ನ ಕೈಗೆ ತೋರುತ್ತದೆ. ತಖಿಯಾ ಇಲ್ಲ ಎನ್ನುತ್ತಾಳೆ. ಅವಳಿಗೆ ಆಡು ಮೇಯಿಸಿ ಗೊತ್ತು, ಅಷ್ಟೆ.

ದೀಪ ಹೋದ ಮೇಲೆ ಹೆಂಗಸರು ಸಂಜೆಯಾದರೆ ಕಕ್ಕಸಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ನೀರು ಕುಡಿಯುವುದನ್ನೂ ಬಿಟ್ಟಿದ್ದಾರೆ, ಹೋಗಬೇಕಾಗುತ್ತದೆಂದು. ಉರಿಮೂತ್ರದ ಕಾಟ ಡೇರೆಗೊಬ್ಬರಿಗಿದೆ. ಸೌದೆಗೆ ಹಳ್ಳದ ಕಡೆ ಹೋದವರ ಹಿಂದೆ ಮೋಟಾರು ಬೈಕು ಸುತ್ತುತ್ತದೆ. ಮೊನ್ನೆ ಒಬ್ಬ ಹತ್ತಿರ ಬಂದು, "ಒಬ್ಳೇನಾ?" ಎಂದನಂತೆ. ತಖಿಯಾ ನೀರಿನ ಕ್ಯಾನು ಬೀಸಿ ಅವನ ದೀಪ ಒಡೆದು, "ಒಬ್ಳೇ ಅಲ್ಲಪ್ಪಾ, ಇದೂ ಇದೆ ನನ್ಜೊತೆ" ಎಂದಳಂತೆ. ಹೇಳುವಾಗ ನಗುತ್ತಿದ್ದಳು. ಆದರೆ ಅಂದಿನಿಂದ ಆ ಕ್ಯಾನನ್ನು ಕೈಯಿಂದ ಬಿಟ್ಟಿಲ್ಲ.

ನಿನ್ನ ಕೋಣೆಯ ಮುಂದೆ ಈಗ ಯಾರೂ ನಡೆಯುವುದಿಲ್ಲ. ಗಾಳಿಗೆ ತಗಡು ಬಡಿದುಕೊಳ್ಳುತ್ತದೆ. ಕೆಲಸವಿಲ್ಲದ ಬಾಯಿಗಳು ಅದಕ್ಕೆ ಏನೇನೋ ಹೆಸರಿಡುತ್ತವೆ.

ನಿನ್ನ ತಮ್ಮ ಜಮೀಲನನ್ನು ಕರೆದುಕೊಂಡು ಹೊರಡು. ಹೋಗುವಾಗ ನಿನ್ನನ್ನು ಕರೆದೊಯ್ದವನು ಅವನೇ ಅಲ್ಲವೇ? "ಮುಂದೆ ತಿಳಿಸುತ್ತೇನೆ" ಎನ್ನುವುದು ಗುಮಾಸ್ತರ ಮಾತು. ನಿನ್ನ ತಾಯಿ ನೂರಿಯಾ ನಮ್ಮ ಮನೆಗೆ ಗೋರಂಟಿ ಹಚ್ಚಲು, ಬಾಣಂತಿಯರಿಗೆ ಎಣ್ಣೆ ತಿಕ್ಕಲು ಬರುತ್ತಿದ್ದಳು. ಕರೆದಾಗ ಒಮ್ಮೆಯೂ ನಾಳೆ ಎಂದವಳಲ್ಲ.

ದೌಲಾ

*

ಮುಕಲ್ಲಾ
ಮೇ 19, 2025

ಪೂಜ್ಯ ಹಜ್ಜಾ,

ಫಿಕ್ರಿಯಾ ಬಗ್ಗೆ ತಾವು ಬರೆಯಲಿಲ್ಲ. ಮಿಸ್ಕ್‌ಳ ಚಿಂತೆಯಲ್ಲಿ ಮರೆತಿರಬಹುದು. ಈ ಹೊತ್ತಿಗೆ ಅವಳಿಗೆ ಮಗುವಾಗಿರಬೇಕು. ಗಂಡೋ ಹೆಣ್ಣೋ?

ಜಮೀಲನ ವಿಷಯ ನಾನು ಹೇಳಿರಲಿಲ್ಲ. ರಂಜಾನ್ ಮುಗಿದ ವಾರ ಅವನು ಮೀನು ಹಿಡಿಯುವ ದೋಣಿಯಲ್ಲಿ ಹೋದ. ದೋಣಿಯ ಹಲಗೆ ಸಿಕ್ಕಿತು. ಅವನು ಸಿಗಲಿಲ್ಲ. ತಮ್ಮ ಮೊದಲ ಪತ್ರ ಬಂದಾಗ ನಾನು ಶೋಕದಲ್ಲಿದ್ದೆ. ತಾವು ಕೆಲಸದ ಮಾತು ಬರೆದಿದ್ದಿರಿ, ನಾನೂ ಕೆಲಸದ ಮಾತಿಗೇ ಉತ್ತರ ಬರೆದೆ.

ಈಗ ನನಗೆ ಗಂಡುದಿಕ್ಕಿಲ್ಲ. ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಮರುಭೂಮಿಯ ಹಾದಿಯಲ್ಲಿ ತಪಾಸಣೆ ಕಟ್ಟೆಗಳು ಎಷ್ಟಿವೆ ಎಂದು ತಮಗೆ ಗೊತ್ತು. ಒಂಟಿ ಹೆಣ್ಣು ಪರಗಂಡಸಿನ ಲಾರಿಯಲ್ಲಿ ಬಂದರೆ ಏನು ಕೇಳುತ್ತಾರೆ ಎಂಬುದೂ ಗೊತ್ತು.

ಹೇಳಬಾರದೆಂದು ಇಷ್ಟು ದಿನ ಬಿಗಿಹಿಡಿದಿದ್ದೆ. ನನ್ನ ತಾಯಿ ಸಾಯುವ ಮೊದಲು ಒಂದು ಮಾತು ಹೇಳಿದಳು. ಹಿಜಾಮ್ ಹುಟ್ಟಿದಾಗ ತಮಗೆ ಬಾಣಂತಿ ಜ್ವರ ಬಂದು ಎದೆ ಬತ್ತಿತ್ತಂತೆ. ನಾನು ಅವನಿಗಿಂತ ಕೆಲವೇ ದಿನ ಚಿಕ್ಕವಳು, ಆಗ ಎಳೆಗೂಸು. ಗೋರಂಟಿಯ ಬುಟ್ಟಿ ಹಿಡಿದು ಅವಳು ಹಿಂದಿನ ಮೆಟ್ಟಿಲಿನಿಂದ ಬಂದು ಅವನಿಗೂ ಹಾಲು ಕೊಟ್ಟಳಂತೆ. ಅದು ನಿಜವಾದರೆ ಒಂದೇ ಎದೆಯ ಹಾಲು ಕುಡಿದ ನಾವು ಅಣ್ಣ ತಂಗಿ. ಧರ್ಮ ಹಾಗೆ ಹೇಳುತ್ತದೆ. ಅಂಥ ಅಣ್ಣನ ಜೊತೆ ಹೆಣ್ಣು ಎಲ್ಲಿಂದ ಎಲ್ಲಿಗಾದರೂ ಹೋಗಬಹುದು, ಯಾರೂ ತಡೆಯುವಂತಿಲ್ಲ. ಸಾಕ್ಷಿ ಹೇಳಬಲ್ಲವರಲ್ಲಿ ಬದುಕಿರುವವರು ತಾವೊಬ್ಬರೇ.

ಕ್ಷೌರಿಕರಾದ ನಮ್ಮ ಮನೆಯ ಹಾಲು ಶೇಖರ ಮನೆಗೆ ಎಂಥ ಕಳಂಕವೆಂದು ನನಗೆ ತಿಳಿದಿದೆ. ಆದರೂ ಕೇಳಿದೆ.

ರಯ್ಯಾ

*

ಮಾರಿಬ್
ಮೇ 28, 2025

ರಯ್ಯಾ,

ಜಮೀಲನಿಗೆ ಅಲ್ಲಾಹನ ಕರುಣೆ ಇರಲಿ. ಒಳ್ಳೆಯ ಹುಡುಗ.

ನಿನ್ನ ತಾಯಿ ಸಾಯುವಾಗ ಜ್ವರದಲ್ಲಿ ಏನೋ ಬಡಬಡಿಸಿರಬೇಕು. ಜ್ವರದ ಮಾತನ್ನು ಕಾಗದದ ಮೇಲೆ ಇಳಿಸಬಾರದು. ನನ್ನ ಮಗ ಈ ಸಾಲಿನ ಶೇಖ್. ಅವನ ಮಾತಿಗೆ ಬೆಲೆಯಿರುವುದು ಅವನ ಮನೆತನದಿಂದ. ಆ ಬೆಲೆ ಇದೆಯೆಂದೇ ಇಲ್ಲಿ ಇಷ್ಟು ಡೇರೆಗಳು ಒಂದರ ಮೇಲೊಂದು ಬೀಳದೆ ನಿಂತಿವೆ. ಅವನ ಕಿರಿಯ ಮಗನಿಗೆ ನಮಗೆ ಸಮನಾದ ಮನೆತನದ ಮುಹ್ಸಿನನ ಮೊಮ್ಮಗಳನ್ನು ಗೊತ್ತು ಮಾಡಿದ್ದೇವೆ.

ಬೇರೆ ದಾರಿ ಹುಡುಕು.

ಹಜ್ಜಾ ದೌಲಾ

*

ಮುಕಲ್ಲಾ
ಜೂನ್ 14, 2025

ಪೂಜ್ಯ ಹಜ್ಜಾ,

ತಾವು ಹೇಳಿದಂತೆ ಬೇರೆ ದಾರಿ ಹುಡುಕಿದೆ. ಹಬ್ಬ ಮುಗಿದ ಮೇಲೆ ಉಬೈದನ ಲಾರಿ ಹತ್ತಿದೆ. ಅವನು ನನ್ನನ್ನು ಚಿಕ್ಕಮ್ಮನ ಮಗಳು ಎಂದು ಹೇಳಲು ಒಪ್ಪಿದ್ದ. ಮೂರನೇ ಕಟ್ಟೆಯಲ್ಲಿ ಬಂದೂಕಿನವನು ಅವನ ಅಜ್ಜಿಯ ಹೆಸರು ಕೇಳಿದ. ಉಬೈದ್ ಒಂದು ಹೇಳಿದ, ನಾನು ಇನ್ನೊಂದು ಹೇಳಿದೆ. "ಸೂಲಗಿತ್ತಿಯಂತೆ! ಯಾರ ಮನೆಗೆ ಹೊರಟಿದ್ದೀಯೋ ನಮಗ್ಗೊತ್ತಿಲ್ವಾ?" ಎಂದು ನಕ್ಕರು. ಸಂಜೆಯವರೆಗೆ ಬಿಸಿಲಲ್ಲಿ ಕೂರಿಸಿ, ಹಿಂತಿರುಗುವ ಬಸ್ಸಿಗೆ ಹತ್ತಿಸಿದರು. ಇನ್ನೂ ಕೆಡುಕಾಗಬಹುದಿತ್ತು. ಆಗಲಿಲ್ಲ ಎಂದಷ್ಟೇ ಬರೆಯುತ್ತೇನೆ.

ಕಟ್ಟೆಯಲ್ಲಿ ಕೂತಿದ್ದಾಗ ಉಬೈದ್ ಫಿಕ್ರಿಯಾ ವಿಷಯ ಹೇಳಿದ. ನನಗೆ ಗೊತ್ತಿದೆ ಎಂದುಕೊಂಡು ಹೇಳಿದ ಪಾಪ.

ಹಜ್ಜಾ, ನನ್ನ ಪತ್ರದ ವಾಸನೆ ಲಾರಿಯದಲ್ಲ. ನನ್ನ ಕೈಯದು. ನಾನು ಆಸ್ಪತ್ರೆಯಲ್ಲಿಲ್ಲ. ಮೀನು ಸೀಳುವ ಷೆಡ್ಡಿನಲ್ಲಿದ್ದೇನೆ. ಇಲ್ಲಿಯೂ ತಾಯಂದಿರ ಆರೋಗ್ಯದ ಹಣ ನಿಂತಿದೆ, ಸೂಲಗಿತ್ತಿಯರು ಬೇಡವಾಗಿದ್ದಾರೆ. ಸಾಲಾಗಿ ನಿಂತು ಚೂರಿಯಿಂದ ಹುರುಪೆ ಕೆರೆಯುತ್ತೇವೆ. ಉಬೈದ್ ಹೇಳಿದ ದಿನದಿಂದ ಆ ಸದ್ದು ನನಗೆ ಬೇರೆಯೇ ಕೇಳಿಸುತ್ತಿದೆ. ನಿನ್ನೆ ಚೂರಿ ಕೆಳಗಿಟ್ಟು, "ಬಂದೆ, ತೆಗೀತೀನಿ" ಎಂದೆನಂತೆ. ಪಕ್ಕದವಳು ಬೆಚ್ಚಿ ನೋಡಿದಳು.

ಬೀಗ ಹಾಕಿ ಎಂದವಳು ನಾನು.

ಮಿಸ್ಕ್‌ಳ ಮಗು ಇನ್ನೂ ಅಡ್ಡವೇ ಇದ್ದರೆ ಡೇರೆಯಲ್ಲಿ ಹೆರಿಗೆ ಬೇಡ. ನೀರು ಒಡೆದು ಮಗುವಿನ ಕೈ ಮೊದಲು ಕಂಡರೆ ಯಾರೂ ಎಳೆಯಬಾರದು. ಎಷ್ಟೇ ಹಿರಿಯಳಾಗಿರಲಿ, ಎಳೆಯಬಾರದು. ದಿನ ತುಂಬುವ ಮೊದಲಾದರೆ ಹೊಟ್ಟೆಯ ಮೇಲಿನಿಂದ ತಿರುಗಿಸಿ ನೋಡಲು ನನಗೆ ಬರುತ್ತದೆ. ತಿರುಗದಿದ್ದರೆ ಹೊತ್ತಿಗೆ ಮುಂಚೆ ಆಸ್ಪತ್ರೆಗೆ ಸೇರಿಸಿ, ಶಸ್ತ್ರಚಿಕಿತ್ಸೆಯ ಕೋಣೆಯ ಮುಂದೆ ನಿಂತು ಜಗಳವಾಡಲೂ ಬರುತ್ತದೆ. ಇಲ್ಲಿ ಕುಳಿತು ಬರೆಯುವುದಷ್ಟೇ ನನಗೆ ಉಳಿದಿರುವುದು.

ಹಾಲಿನ ಮಾತು ಇನ್ನು ಎತ್ತುವುದಿಲ್ಲ.

ರಯ್ಯಾ

*

ಮಾರಿಬ್
ಜುಲೈ 8, 2025

ರಯ್ಯಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ. ಉಬೈದ್ ಎರಡು ಸಲ ಖಾಲಿ ಕೈಯಲ್ಲಿ ಹೋದ.

ಫಿಕ್ರಿಯಾ ವಿಷಯ ಲಾರಿಯವನ ಬಾಯಿಂದ ನಿನಗೆ ತಿಳಿದದ್ದು ಸರಿಯಲ್ಲ. ನಾನೇ ಬರೆಯುತ್ತೇನೆ. ಏಪ್ರಿಲ್ ನಡುವಿನಲ್ಲಿ ಮರಳುಗಾಳಿ ಎದ್ದಿತು. ಆ ದಿನ ನಾನು ಪಶ್ಚಿಮ ಸಾಲಿನಲ್ಲಿ ಸಾವಿನ ಮನೆಗೆ ಹೋಗಿದ್ದೆ, ಗಾಳಿ ಇಳಿಯುವವರೆಗೆ ಅಲ್ಲೇ ಉಳಿದೆ. ಕೀಲಿ ನನ್ನ ಸೊಂಟದಲ್ಲಿತ್ತು. ಹಿಂತಿರುಗಿದಾಗ ನಿನ್ನ ಕೋಣೆಯ ಬಾಗಿಲಿಗೆ ಒರಗಿದಂತೆ ಮರಳು ಗುಪ್ಪೆಯಾಗಿತ್ತು. ಮರಳಲ್ಲ ಎಂದು ಹತ್ತಿರ ಹೋದ ಮೇಲೆ ತಿಳಿಯಿತು. ನೋವು ಶುರುವಾಗಿದ್ದವಳನ್ನು ಅವನು ಹೊಡೆದಿದ್ದ, ಅವಳು ಚಿಲಕವಿರುವ ಕಡೆಗೆ ಓಡಿಬಂದಿದ್ದಳು. ಮಗು ಅರ್ಧ ಹುಟ್ಟಿತ್ತು. ಬಾಗಿಲ ಕೆಳಭಾಗದಲ್ಲಿ, ಕುಳಿತವಳ ಕೈಗೆ ಎಟುಕುವಷ್ಟು ಎತ್ತರದಲ್ಲಿ, ನೀಲಿ ಬಣ್ಣ ಉಗುರಿನಿಂದ ಕೆರೆದುಹೋಗಿದೆ. ಇಬ್ಬರನ್ನೂ ತೊಳೆದು ಬಿಳಿಬಟ್ಟೆ ಸುತ್ತಿದವಳು ನಾನು. ಗಾನಿಮನನ್ನು ಹಿಜಾಮ್ ಸಾಲಿನಿಂದ ಓಡಿಸಿದ. ಅವಳಿಗೆ ಬಾಗಿಲು ತೆರೆದುಕೊಡಿ ಎಂಬ ನಿನ್ನ ಪತ್ರ ಬಂದಾಗ ಅವಳು ಮಣ್ಣಿನಡಿಯಲ್ಲಿದ್ದಳು. ಅದಕ್ಕೆ ಏನೆಂದು ಉತ್ತರ ಬರೆಯಬೇಕಿತ್ತು?

ನಾನು ತಪ್ಪಿತಸ್ಥಳೆಂದು ಬರೆಯುತ್ತಿಲ್ಲ. ನೀನು ಹಾಕಿ ಎಂದ ಬೀಗ, ನಾನು ಹಾಕಿದ ಬೀಗ, ಎಲ್ಲೋ ದೂರದೇಶದ ಮೇಜಿನ ಮುಂದೆ ಕುಳಿತವನು ಹಾಕಿಸಿದ ಬೀಗ. ಯಾರ ಪಾಲು ಎಷ್ಟೆಂದು ವಿಚಾರಿಸಲು ಫಿಕ್ರಿಯಾ ಬರುವುದಿಲ್ಲ. ಅವಳು ಬರುವುದು ಬಾಗಿಲು ಕೆರೆಯಲು ಮಾತ್ರ. ಗಾಳಿಯೆಂದು ನಿನಗೆ ಬರೆದಿದ್ದೆ. ಗಾಳಿಯಿಲ್ಲದ ಮಧ್ಯಾಹ್ನಗಳಲ್ಲೂ ಕೇಳಿದ್ದೇನೆ. ಮಾತೆತ್ತಿದ ಹೆಂಗಸರನ್ನು ಗದರಿಸಿದೆ. ಆಮೇಲೆ ಒಬ್ಬಳೇ ಹೋಗಿ ಬಾಗಿಲು ತೆಗೆದು ಒಳಗೆ ಕುಳಿತೆ. ಒಳಗೆ ಕುಳಿತರೆ ಸದ್ದು ಹೊರಗಿನಿಂದ ಬರುತ್ತದೆ. ತೆರೆದ ಬಾಗಿಲನ್ನೇ ಕೆರೆಯುವವಳಿಗೆ ಏನು ಹೇಳಲಿ?

ನನ್ನ ಮನಸ್ಸು ಕದಡಿದ್ದು ಅದರಿಂದಲ್ಲ. ಮಿಸ್ಕ್‌ಳಿಂದ. ಕಳೆದ ವಾರ ಅವಳು ರೊಟ್ಟಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಅಜ್ಜೀ, ನಂಗೆ ನೋವು ಬಂದಾಗ ಬಾಗ್ಲು ಯಾರು ತೆಗೀತಾರೆ?"

"ನಾನಿದ್ದೀನಲ್ಲ."

"ನೀನು ಆವತ್ತೂ ಇದ್ದೆಯಲ್ಲ ಅಜ್ಜೀ."

ಸಿಟ್ಟಿನಿಂದ ಹೇಳಲಿಲ್ಲ. ಹಾಗೆಯೇ ಹೇಳಿ ಮತ್ತೆ ನಾದತೊಡಗಿದಳು. ನನ್ನ ಎದುರು ಹಾಗೆ ಮಾತಾಡಿದವರು ನನ್ನ ಗಂಡ ಸತ್ತ ಮೇಲೆ ಯಾರೂ ಇರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದೆ. ಮಗು ಅಡ್ಡವೇ ಇತ್ತು.

ಮರುದಿನ ಮಧ್ಯಾಹ್ನ ಗಂಡಸರು ಉದ್ದ ಡೇರೆಯಲ್ಲಿ ಅಮಲಿನ ಖಾತ್ ಸೊಪ್ಪು ಅಗಿಯುತ್ತಾ ಕುಳಿತಿದ್ದಾಗ ಪರದೆ ಎತ್ತಿ ಒಳಗೆ ಹೋದೆ. ಹೆಂಗಸರು ಕಾಲಿಡದ ಜಾಗ. ಮುಹ್ಸಿನ್ ಕೆನ್ನೆಯಲ್ಲಿ ಸೊಪ್ಪಿನ ಉಂಡೆ ಇಟ್ಟುಕೊಂಡೇ, "ಏನ್ ಹಜ್ಜಾ, ದಾರಿ ತಪ್ತಾ?" ಎಂದ.

"ದಾರಿ ತಪ್ಪೋ ವಯಸ್ಸು ನಿಂದು ಮುಹ್ಸಿನ್. ಹಲ್ಲು ಬಿದ್ರೂ ಅಗಿಯೋದು ಬಿಟ್ಟಿಲ್ಲ. ಬಾಯಿ ಮುಚ್ಕೊಂಡು ಅಗಿ, ಕಿವಿ ಬಿಟ್ಕೊಂಡು ಕೇಳು" ಎಂದೆ. ನಕ್ಕರು. ನಗು ಮುಗಿಯಲಿ ಎಂದು ಕಾದೆ.

ಆಮೇಲೆ ಹೇಳಿದೆ. "ನನ್ನ ಮಗ ಹಿಜಾಮ್ ಹುಟ್ಟಿದಾಗ ನನ್ನ ಎದೆ ಬತ್ತಿತ್ತು. ಅವನನ್ನ ಬದುಕಿಸಿದ್ದು ಕ್ಷೌರಿಕರ ನೂರಿಯಾಳ ಹಾಲು. ಒಂದು ದಿನ ಎರಡು ದಿನ ಅಲ್ಲ, ಹಲ್ಲು ಮೂಡೋ ತನಕ, ಹೊಟ್ಟೆ ತುಂಬ ಕುಡ್ದಿದ್ದಾನೆ. ನಾನು ಕಣ್ಣಾರೆ ನೋಡಿದ್ದೀನಿ. ಅವಳ ಮಗಳು ರಯ್ಯಾ ಇವನ ತಂಗಿ. ಅಲ್ಲಾಹನ ಆಣೆ ಹಾಕಿ ಹೇಳ್ತಿದ್ದೀನಿ."

ಹಿಂದೆ ಯಾರೋ, "ಕ್ಷೌರಿಕರ ಹಾಲಾ?" ಎಂದು ಮೆಲ್ಲಗೆ ಹೇಳಿದ್ದು ಇಡೀ ಡೇರೆಗೆ ಕೇಳಿತು. "ಹ್ಞೂಂ, ಅದೇ ಹಾಲು. ಅದನ್ನ ಕುಡಿದವನ ಮುಂದೇನೇ ನೀನು ಜಗಳ ತೀರ್ಮಾನಕ್ಕೆ ಬಂದು ಕೂರೋದು" ಎಂದೆ. ಮುಹ್ಸಿನ್ ಸೊಪ್ಪು ಉಗಿದು ಎದ್ದು ಹೋದ. ಸಂಜೆ ಮದುವೆಯ ಮಾತು ಮುರಿಯಿತೆಂದು ಹೇಳಿ ಕಳಿಸಿದ. ತಖಿಯಾ ಹೇಳಲು ಬಂದವನ ಮುಂದೆಯೇ, "ಒಳ್ಳೇದಾಯ್ತು ಬಿಡಿ, ಆ ಹುಡುಗಿಗೆ ತಾತನ ಮೂಗೇ ಬಂದಿತ್ತು" ಎಂದಳು. ನಾನು ನಗಲಿಲ್ಲ. ಮೊಮ್ಮಗನಿಗೆ ಆ ಹುಡುಗಿ ಇಷ್ಟವಾಗಿದ್ದಳು.

ಹಿಜಾಮ್ ಅಂದು ನನ್ನ ಕೈಯ ಊಟ ಮುಟ್ಟಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಅವನ ಪಕ್ಕದಲ್ಲಿ ಕೂರುತ್ತಿದ್ದವರಲ್ಲಿ ಕೆಲವರು ಮರುದಿನ ದೂರ ಸರಿದು ಕುಳಿತರು. ಅದನ್ನೂ ನೋಡಿದೆ. ಅದರ ಮರುಬೆಳಿಗ್ಗೆ ಹಿಜಾಮ್ ನನ್ನ ಡೇರೆಯ ಬಾಗಿಲಿಗೆ ಬಂದು ನಿಂತು, ನೆಲ ನೋಡುತ್ತಾ ಕೇಳಿದ:

"ನೂರಿಯಾಳ ಗೋರಿ ಎಲ್ಲಿ?"

"ನಾವು ಊರು ಬಿಟ್ಟು ಬರುವಾಗ ದಾರೀಲಿ ಸತ್ತಳು. ಕಣಿವೆಯ ಬಾಯಲ್ಲಿ ಹೂಳಿದ್ವಿ. ನೀನೇ ಹೆಗಲು ಕೊಟ್ಟಿದ್ದೆ."

"ಅವಳು ನಂಗೆ ಏನಾಗ್ಬೇಕು ಅಂತ ಗೊತ್ತಿಲ್ದೆ ಕೊಟ್ಟೆನಲ್ಲಮ್ಮ" ಎಂದ. ಆಮೇಲೆ ಖಾಜಿಯನ್ನು ಕರೆಸಿದ. ನಾನು ಮತ್ತೊಮ್ಮೆ ಆಣೆಯಿಟ್ಟು ಹೇಳಿದೆ, ಕಟ್ಟೆಗಳಲ್ಲಿ ತೋರಿಸಲು ಖಾಜಿ ಬರೆದು ಮುದ್ರೆ ಒತ್ತಿದ.

ನಿನ್ನ ಕೋಣೆಯನ್ನು ತೊಳೆಸಿದ್ದೇನೆ. ನಿನಗೆ ಸಂಬಳ ಕೊಡುವವರು ಯಾರೂ ಇಲ್ಲ. ಊಟ ನನ್ನ ಡೇರೆಯಲ್ಲಿ, ನನ್ನ ತಟ್ಟೆಯಲ್ಲಿ. ಮುಕಲ್ಲಾದಲ್ಲಿ ಗವಸು, ದಾರ, ರಕ್ತ ನಿಲ್ಲಿಸುವ ಚುಚ್ಚುಮದ್ದು ಸಿಕ್ಕಿದಷ್ಟು ಕಟ್ಟಿಕೋ. ಶೇಖನ ತಂಗಿಯಿರುವ ಕೋಣೆಯ ಸುತ್ತ ಬೈಕು ಸುತ್ತಿಸುವ ಧೈರ್ಯ ಯಾರಿಗಿದೆಯೋ ನೋಡೋಣ. ಫಿಕ್ರಿಯಾಳ ಉಗುರಿನ ಗುರುತಿಗೆ ಬಣ್ಣ ಬಳಿಸಿಲ್ಲ. ಸದ್ದು ನಿಂತಿದೆಯೆಂದು ಸುಳ್ಳು ಹೇಳುವುದೂ ಇಲ್ಲ. ನೀನು ಬಂದರೆ ನಿನಗೂ ಕೇಳುತ್ತದೆ. ಇಬ್ಬರೂ ಕೇಳಿಸಿಕೊಳ್ಳೋಣ.

ಈ ಪತ್ರವನ್ನು ಉಬೈದನ ಕೈಗೆ ಕೊಟ್ಟಿಲ್ಲ. ತಂದವನು ಹೊಸಿಲ ಹೊರಗೆ ನಿಂತಿದ್ದಾನೆ, ನೀನು ಓದಿ ಮುಗಿಸುವವರೆಗೆ ಒಳಗೆ ಕಾಲಿಡಬೇಡ ಎಂದು ಹೇಳಿ ಕಳಿಸಿದ್ದೇನೆ. ಬಿಸಿಲಲ್ಲಿ ದೂರದಿಂದ ಬಂದಿದ್ದಾನೆ. ಮುಖಕ್ಕೆ ಪರದೆ ಎಳೆದುಕೊಳ್ಳಬೇಡ, ಅವನ ಮುಂದೆ ಅದರ ಅಗತ್ಯವಿಲ್ಲ. ಕುಡಿಯಲು ನೀರು ಕೊಡು, ನಿನ್ನ ಅಣ್ಣನಿಗೆ.

ದೌಲಾ